ಮಲಗಿದ್ದಾಗ ಎಪ್ಪತ್ತೆಂಟು

ಖಾಲಿ ಬಿಟ್ಟ ಜಾಗ ಕಂಡರೆ ನನಗಾಗದು. ಹಾಲಿನವನು ಬಾರದ ದಿನ ಕ್ಯಾಲೆಂಡರಿನಲ್ಲಿ ಸೊನ್ನೆ, ಹೊಸ ಸಿಲಿಂಡರ್ ಹಚ್ಚಿದ ದಿನ ಸುತ್ತು. ಹೀಗೆ ಮನೆಯಲ್ಲಿ ಆದದ್ದನ್ನೂ ಆಗದ್ದನ್ನೂ ಬರೆದಿಟ್ಟುಕೊಂಡೇ ಸಂಸಾರ ಮಾಡಿದವಳು ನಾನು. ಈ ಶಿಸ್ತೇ ನನಗೆ ಮುಳುವಾಗುತ್ತದೆಂದು ಯಾರು ಕಂಡಿದ್ದರು?

ಮೊಲೆಯ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋಗೆಂದು ತಿಪಟೂರಿನಿಂದ ತುಮಕೂರಿಗೆ ಓಡಾಡತೊಡಗಿದ ಮೇಲೆ ನನ್ನ ಹೃದಯವೂ ತಕರಾರು ತೆಗೆಯಿತು. ಕೂತಲ್ಲೇ ಡವಡವ, ಎದ್ದರೆ ಕಣ್ಣು ಕತ್ತಲೆ. ಕೆಲವು ಔಷಧಿ ಹೃದಯಕ್ಕೂ, ಅದರ ಓಟಕ್ಕೆ ಲಗಾಮು ಹಾಕುವ ನರಗಳಿಗೂ ತೊಂದರೆ ಕೊಡಬಹುದೆಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ದಿನಾ ಹತ್ತು ನಿಮಿಷ ಮಲಗಿ, ಬೆರಳಿಗೆ ಸಿಕ್ಕಿಸುವ ಮಿಷಿನ್ನಿನಲ್ಲಿ ನಾಡಿ ನೋಡಬೇಕು, ಎದ್ದು ನಿಂತು ಮತ್ತೆ ನೋಡಬೇಕು, ಎರಡನ್ನೂ ಒಂದು ಪುಸ್ತಕದಲ್ಲಿ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಮುಂದಿನ ಔಷಧಿ ಕೊಡುವುದೋ ಬಿಡುವುದೋ ಅದರ ಮೇಲೆ.

ನಿಂತಾಗಿನ ಕಾಲಂ ಸಲೀಸಾಗಿ ತುಂಬಿತು. ನಾನು ನಿಂತೇ ಇರುತ್ತಿದ್ದೆನಲ್ಲ. ಮಲಗುವುದೇ ಕಷ್ಟ. ನಮ್ಮ ಅಟ್ಟದಲ್ಲಿ ತೆಂಗಿನಕಾಯಿಗಳು ವರ್ಷವಿಡೀ ಮಲಗಿರುತ್ತವೆ. ನೀರು ಇಂಗಿ ಕೊಬ್ಬರಿಯಾಗುವ ತನಕ ಅವನ್ನು ಯಾರೂ ಕದಲಿಸುವಂತಿಲ್ಲ. ಏಣಿ ಮುಟ್ಟಿದರೂ ಇವರು ಗದರುತ್ತಾರೆ. ಅಟ್ಟದ ಕೆಳಗೆ ಮಲಗಿದವಳಿಗೆ ಆ ಭಾಗ್ಯವಿಲ್ಲ. ಕಾಯಿಲೆಯವಳನ್ನು ನೋಡಲು ಜನ ಬರುತ್ತಾರೆ. ಹಾಲ್ಕುರಿಕೆಯಿಂದ ಇವರ ಅಕ್ಕ, ಅಂದರೆ ನಮ್ಮ ಅತ್ತಿಗೆ, ವಾರಕ್ಕೆರಡು ಸಲ.

"ಮಲ್ಕೋ ಮಲ್ಕೋ, ಏಳ್ಬ್ಯಾಡ ಕಣೇ," ಅನ್ನುತ್ತಾರೆ. "ನಂಗೆ ಕಾಫಿಗೆ ಸಕ್ಕರೆ ಕಮ್ಮಿ ಹಾಕು."

ಮಲಗಿದ್ದಾಗಿನ ಕಾಲಂ ಬರಿದಾಗಿ ಹಲ್ಲು ಕಿರಿಯುತ್ತಿತ್ತು. ತಡೆಯಲಾರದೆ ಒಂದು ದಿನ ಎಪ್ಪತ್ತೆಂಟು ಎಂದು ಬರೆದೆ. ಮರ್ಯಾದಸ್ಥರ ನಾಡಿಯಂತೆ ಕಂಡಿತು. ಆಮೇಲೆ ದಿನವೂ ಅದೇ; ಬೇಸರ ಬಂದಾಗ ಎಂಬತ್ತು.

ಒಂದು ಸಂಜೆ ಎದೆ ತೀರಾ ಹೊಡೆದುಕೊಳ್ಳುತ್ತಿದೆ ಎಂದೆ. ಇವರು ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದರು. "ಎಪ್ಪತ್ತೆಂಟು ಐತಲ್ಲೇ. ನೀನೇ ಬರ್ದಿದ್ದೀಯ. ಸುಮ್ನೆ ಹೆದ್ರುಕೊಂಡಿದ್ದೀಯ ಬುಡು."

ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲ ಗಂಡಸು. ನನ್ನ ವಿಷಯಕ್ಕೆ ಮಾತ್ರ ಪುಸ್ತಕ ಸಾಕಾಯಿತು.

ಮುಂದಿನ ಔಷಧಿಗೆಂದು ಹೋದಾಗ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಮಲಗಿಸಿದರು. ಯಾರೂ ಕಾಫಿ ಕೇಳಲಿಲ್ಲ. ಮಿಷಿನ್ನು ನೂರ ಹದಿನೆಂಟು ತೋರಿಸಿತು. ಡಾಕ್ಟರಮ್ಮ ಪುಸ್ತಕ ನೋಡಿದರು, ನನ್ನನ್ನು ನೋಡಿದರು. ಯಾವುದು ನಿಜ ಎಂದು ಕೇಳಿದರು.

"ಮಲಗೋಕೆ ಆಗ್ಲಿಲ್ಲ ಡಾಕ್ಟ್ರೇ," ಎಂದೆ. "ಖಾಲಿ ಬಿಡೋಕೆ ಮನಸ್ಸು ಬರ್ಲಿಲ್ಲ."

"ಇದನ್ನ ನಂಬಿದ್ದಿದ್ರೆ ಇವತ್ತು ಔಷಧಿ ಕೊಟ್ಬಿಡ್ತಿದ್ದೆನಮ್ಮ," ಎಂದರು ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು. ಔಷಧಿ ಮುಂದಕ್ಕೆ ಹೋಯಿತು. ಮೊದಲು ಹೃದಯದ ಸ್ಕ್ಯಾನಿಂಗ್, ಜೊತೆಗೆ ಒಂದು ವಾರದ ನಿಜವಾದ ಲೆಕ್ಕ.

ಜೊತೆಗೆ ಬಂದು ಎಲ್ಲ ಕೇಳಿಸಿಕೊಂಡಿದ್ದ ಇವರು ಮರುದಿನ, ನೀನು ಮಲಗು, ಯಾರು ಬಂದರೂ ಕಾಫಿ ನನ್ನದು ಎಂದರು. ಮಲಗಿದೆ. ಅತ್ತಿಗೆ ಬಂದರು. ಅಡುಗೆಮನೆಯಲ್ಲಿ ಡಬ್ಬಿಗಳು ಒಂದೊಂದಾಗಿ ಬಾಯಿ ಬಿಡುವ ಸದ್ದು. ಹಲ್ಲು ಕಚ್ಚಿ ಎಂಟು ನಿಮಿಷ ತಡೆದೆ. ಆಮೇಲೆ ಸೀದ ವಾಸನೆ ಬಂತು. ದಡಬಡಿಸಿ ಎದ್ದೆ, ಕಣ್ಣು ಕತ್ತಲೆ ಬಂತು, ಬಾಗಿಲ ಚೌಕಟ್ಟು ಹಿಡಿದು ನಿಂತು, ಹೋಗಿ ಸ್ಟವ್ ಆರಿಸಿದೆ. ಇವರು ನಡುಮನೆಯಲ್ಲಿ ಕೂತು, ನನ್ನನ್ನು ಮಲಗಿಸುವುದು ಎಷ್ಟು ಕಷ್ಟವೆಂದು ಅಕ್ಕನಿಗೆ ವಿವರಿಸುತ್ತಿದ್ದರು.

ಬಂದು ಪುಸ್ತಕ ತೆರೆದೆ. ಈ ಸಲ ಸುಳ್ಳು ಬರೆಯಲಿಲ್ಲ. ಖಾಲಿ ಬಿಡುವ ಬುದ್ಧಿ ಇನ್ನೂ ಬಂದಿಲ್ಲವಾದ್ದರಿಂದ, ಮಲಗಿದ್ದಾಗ ಎಂಬ ಕಾಲಮ್ಮಿನಲ್ಲಿ 'ಹಾಲು ಉಕ್ಕಿತು' ಎಂದು ಬರೆದೆ.