ಧರಣಿಯ ಉಪ್ಪಿಟ್ಟಿಗೆ ಉಪ್ಪು ಕಡಿಮೆ

ನಾನು ಸುಳ್ಳು ಹೇಳುವವನಲ್ಲ. ಸುಳ್ಳು ಹೇಳುವುದು ನನ್ನ ನೆನಪು. ಆದ್ದರಿಂದ ಇದನ್ನು ಅರ್ಧ ನಂಬಿದರೆ ಸಾಕು. ಗೊರೇಬಾಳದ ನಮ್ಮ ಗದ್ದೆ ಕಾಲುವೆಯ ಕಟ್ಟಕಡೆಗಿದೆ. ಭತ್ತ ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ನೀರು ನಮ್ಮವರೆಗೆ ಬರುವುದು ನಿಂತಿತು. ಇನ್ನೊಂದು ವಾರ ಹೀಗೇ ಆದರೆ ಬೆಳೆಯೆಲ್ಲ ಒಣಹುಲ್ಲು. ಹಾಗಾಗಿ ಊರವರೆಲ್ಲ ಸಿಂಧನೂರಿಗೆ ಹೋಗಿ, ನಮ್ಮ ಕಡೆಯ ರೂಢಿಯಂತೆ, ನಡುರಸ್ತೆಯಲ್ಲೇ ಒಲೆ ಹೂಡಿ ಧರಣಿ ಕುಳಿತೆವು. ರಸ್ತೆಯಲ್ಲಿ ಉಣ್ಣುವವರನ್ನು ಕಂಡರೆ ಸರ್ಕಾರಕ್ಕೆ ನಾಚಿಕೆಯಾಗುತ್ತದಂತೆ. ಸರ್ಕಾರದ ವಿಷಯ ಗೊತ್ತಿಲ್ಲ, ನನಗಂತೂ ಹಸಿವಾಗುತ್ತದೆ.

ಅಷ್ಟರಲ್ಲಿ ಚಾನೆಲ್ಲಿನ ವರದಿಗಾರನೊಬ್ಬ ಬಂದು ನನ್ನ ಬಾಯಿಗೆ ಮೈಕು ಹಿಡಿದ. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ನಾನು ಕಾಲುವೆ, ಗೇಟು, ಮೇಲ್ಗಡೆ ಗದ್ದೆಯವರು ನೀರೆತ್ತುವ ಪಂಪ್‌ಸೆಟ್ಟು ಎಲ್ಲ ವಿವರಿಸಿದೆ. ಆತ ತಲೆಯಾಡಿಸುತ್ತಾ ಕೇಳಿ, ಕೊನೆಗೆ "ಉಪ್ಪಿಟ್ಟು ಹೆಂಗೈತ್ರಿ?" ಎಂದ. "ಉಪ್ಪು ಕಡಿಮಿ ಆಗೈತ್ರಿ" ಎಂದೆ. ಸಂಜೆ ಟೀವಿಯಲ್ಲಿ ಬಂದದ್ದು ಅದೊಂದೇ ಮಾತು. ಕೆಳಗೆ ಕೆಂಪಕ್ಷರದಲ್ಲಿ: "ಧರಣಿಯೋ, ದಾವತ್ತೋ?"

ಹೆಂಡತಿ ಬಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೀರು ತರ್ತೀನಂತ ಹೋಗಿ ಉಪ್ಪು ಕೇಳಿ ಬಂದೀರಲ್ಲ! ಮನ್ಯಾಗ ನಾ ಮಾಡಿದ್ದಕ್ಕ ತುಟಿ ಪಿಟಕ್ ಅನ್ನಂಗಿಲ್ಲ, ರಾಜ್ಯಕ್ಕೆಲ್ಲ ಹೇಳಾಕ ಬರ್ತದ." ಮಸ್ಕಿಯಿಂದ ಬೀಗರು ಫೋನು ಮಾಡಿದರು: "ಬೀಗರ, ಒಂದು ಚೀಲ ಉಪ್ಪು ಕಳಿಸ್ಲೇನ್ರಿ?" ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದೆನೆಂದರೆ, ಕಾಲುವೆಯ ಬಗ್ಗೆ ನಿಜಕ್ಕೂ ಮಾತಾಡಿದ್ದೆನೇ ಎಂದು ಈಗ ನನಗೇ ಅನುಮಾನ.

ಮರುದಿನ ಧರಣಿಯ ಮುಂದಾಳು ಖಾಜಾಸಾಬ ನನ್ನನ್ನು ಕಂಡವನೇ, "ಲೇ ದೋಸ್ತ, ನಿನ್ನ ಉಪ್ಪಿನಾಗ ನಮ್ಮ ನೆಲ್ಲು ಒಣಗಾಕತ್ತೈತಿ. ಇವತ್ತ ಬಾಯಿ ಮುಚ್ಕೊಂಡು ಕುಂದ್ರು" ಎಂದ. ಒಪ್ಪಿದೆ. ಬಾಯಿ ತೆರೆಯಲೇ ಇಲ್ಲ. ಆದರೆ ಚಾನೆಲ್ಲಿನವರು ಮತ್ತೆ ಬರುವರೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದೆ, ಮೀಸೆಗೆ ಬಣ್ಣ ಹಚ್ಚಿದ್ದೆ. ಕ್ಯಾಮೆರಾ ಕಂಡೊಡನೆ ಕಾಲುಗಳು ತಾವಾಗಿಯೇ ಮುಂದಿನ ಸಾಲಿಗೆ ನಡೆದವು.

ಸಂಜೆ ಟೀವಿ ತುಂಬಾ ನಾನೇ. ಬಸಮ್ಮ ಮತ್ತು ಊರ ಹೆಂಗಸರು ಬಿಸಿಲಲ್ಲಿ ಎತ್ತಿ ಹಿಡಿದಿದ್ದ "ಕೊನೆ ಗದ್ದೆಗೂ ನೀರು ಕೊಡಿ" ಎಂಬ ಬ್ಯಾನರು ನನ್ನ ಬೆನ್ನ ಹಿಂದಿತ್ತು. ಎಡಕ್ಕೆ "ಕೊನೆ", ಬಲಕ್ಕೆ "ಕೊಡಿ", ನಡುವೆ ನನ್ನ ಹೊಟ್ಟೆ.

"ನಿನ್ನಿ ಮಾತು ಅವ್ರು ಕತ್ತರಿಸಿದ್ರು. ಇವತ್ತಿಂದು ಯಾರು ಕತ್ತರಿಸಿದ್ರು, ಹೇಳ್ರಿ?" ಬಸಮ್ಮ ಕೇಳಿದಳು.

ನಾನು ಟೀವಿಯ ದನಿ ಏರಿಸಿದೆ. ಆ ದೃಶ್ಯವನ್ನು ಇನ್ನೊಮ್ಮೆ ತೋರಿಸುತ್ತಾರೇನೋ ಎಂದು ಕಾಯುತ್ತಿದ್ದೆ.