ಶ್ರೀಕಾರ ಹಾಕಿದ ಫೋಲ್ಡರ್

ನನಗೊಂದು ಚಾಳಿಯಿದೆ. ದಿನಸಿ ಚೀಟಿಯಿರಲಿ, ರಜಾ ಅರ್ಜಿಯಿರಲಿ, ಮೇಲೆ 'ಶ್ರೀ' ಬರೆಯದೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. ಒಮ್ಮೆ ಹೆಬ್ಬಾಳದಲ್ಲಿ ನಮ್ಮ ನಾಯಿಗೆ ಚುಚ್ಚುಮದ್ದು ಹಾಕಿಸುವಾಗ ಫಾರಂ ಮೇಲೂ ಬರೆದುಬಿಟ್ಟೆ. ಡಾಕ್ಟರು ಅದೇ ನಾಯಿಯ ಹೆಸರೆಂದುಕೊಂಡು "ಶ್ರೀ, ಬಾ ಬಾ" ಎಂದು ಕರೆದರು. ನಮ್ಮ ಟಾಮಿ ನನ್ನ ಮುಖ ನೋಡಿತು.

ಮತ್ತಿಕೆರೆಯ ಕಾಲೇಜೊಂದರಲ್ಲಿ ನಾನು ಗಣಿತದ ಮೇಷ್ಟ್ರು. ಈ ಸಲ ಸಮೀಕರಣಗಳನ್ನು ಕಂಪ್ಯೂಟರಿನಲ್ಲೇ ಬಿಡಿಸುವ ಪ್ರಾಯೋಗಿಕ ಪರೀಕ್ಷೆ. ಅದರ ಸಾಫ್ಟ್‌ವೇರನ್ನು ಲ್ಯಾಬಿನ ಮುಖ್ಯ ಯಂತ್ರಕ್ಕೆ ಹಾಕಿದರೆ ಸಾಕು, ಮಿಕ್ಕವು ಅಲ್ಲಿಂದಲೇ ತೆಗೆದುಕೊಳ್ಳುತ್ತವೆ. ಲ್ಯಾಬ್ ನೋಡಿಕೊಳ್ಳುವ ಶೈಲಜಾ ಮೇಡಂ "ನಾನೇ ಹಾಕ್ಕೊಡ್ಲಾ ಸರ್?" ಎಂದರು. "ಇಪ್ಪತ್ತು ವರ್ಷ ಕ್ಯಾಲ್ಕುಲಸ್ ಹೇಳಿಕೊಟ್ಟೋನಿಗೆ ಇದೇನ್ ಮಹಾ ಬಿಡ್ರೀ" ಎಂದೆ. ಪ್ರಿನ್ಸಿಪಾಲರೂ ಅಲ್ಲೇ ಇದ್ದರು, ಅದಕ್ಕೇ ಧ್ವನಿ ಕೊಂಚ ಜೋರಾಗಿತ್ತು. ಸಾಫ್ಟ್‌ವೇರು ತಾನು ಯಾವ ಫೋಲ್ಡರಿನಲ್ಲಿ ಕೂರಲಿ ಎಂದು ಕೇಳಿತು. ಹೊಸ ಮನೆ ಅಂದಮೇಲೆ ಶುಭವಾಗಿರಲಿ ಎಂದು ಕನ್ನಡ ಅಕ್ಷರದಲ್ಲೇ 'ಶ್ರೀ' ಎಂಬ ಫೋಲ್ಡರು ಮಾಡಿ ಅದರೊಳಗೆ ಕೂರಿಸಿದೆ. ಅದೂ ತುಟಿಪಿಟಕ್ಕೆನ್ನದೆ ಕೂತಿತು.

ಮರುದಿನ ಬೆಳಗ್ಗೆ ಹತ್ತಕ್ಕೆ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಕಾಫಿ ಮುಗಿಸಿ ಗಡಿಯಾರ ನೋಡುತ್ತಿದ್ದರು. ಬಾಗಿಲಲ್ಲಿ ಮೂವತ್ತು ವಿದ್ಯಾರ್ಥಿಗಳು. ಸಾಫ್ಟ್‌ವೇರು ತೆರೆಯಲು ನಾನು ಎಷ್ಟು ಸಲ ಒತ್ತಿದರೂ ಪರದೆಯ ಮೇಲೆ ಒಂದೇ ಮಾತು: ನೀವು ಹೇಳಿದ ಜಾಗ ಸಿಗುತ್ತಿಲ್ಲ. ಪರೀಕ್ಷೆ ಮುಂದಕ್ಕೆ ಹೋದರೆ ಮಕ್ಕಳ ಫಲಿತಾಂಶವೂ ಹೋಯಿತು, ನನ್ನ ಮಾನವೂ ಹೋಯಿತು. ಕೊನೆಗೆ ನಾನೇ ಹೋಗಿ "ಮೇಡಂ, ಒಂಚೂರು ಬರ್ತೀರಾ?" ಎಂದೆ.

ಅವರು ಬಂದು, ನೋಡಿ, ನಕ್ಕರು. "ಸರ್, ಇದಕ್ಕೆ ಇಂಗ್ಲಿಷ್ ಅಕ್ಷರ ಬಿಟ್ರೆ ಬೇರೆ ಏನೂ ಓದೋಕ್ ಬರಲ್ಲ. ಯಾರ್ ಸರ್ ಇಲ್ಲಿ ಶ್ರೀ ಬರ್ದಿದ್ದು?" ನಾನು ಫ್ಯಾನಿನ ಕಡೆ ನೋಡಿದೆ. ಅವರು ಫೋಲ್ಡರಿಗೆ ಇಂಗ್ಲಿಷಿನಲ್ಲಿ ಮ್ಯಾಥ್ಸ್ ಎಂದು ಹೆಸರಿಟ್ಟು, ಸಾಫ್ಟ್‌ವೇರಿಗೆ ಅಲ್ಲಿಗೆ ಹೋಗುವ ದಾರಿಯನ್ನೂ ತಿದ್ದಿದರು. ಐದೇ ನಿಮಿಷದಲ್ಲಿ ಎಲ್ಲ ಸರಿಹೋಯಿತು.

ಪರೀಕ್ಷೆ ಶುರುವಾಯಿತು. ಮೊದಲ ಸಾಲಿನ ಹುಡುಗಿಯೊಬ್ಬಳು ಲೆಕ್ಕದ ಹಂತಗಳನ್ನು ಬರೆಯಲು ಕೊಟ್ಟಿದ್ದ ಉತ್ತರಪತ್ರಿಕೆಯ ನೆತ್ತಿಗೆ 'ಶ್ರೀ' ಬರೆದಿದ್ದಳು. ಪರೀಕ್ಷೆಯ ಯಾವ ಹಾಳೆಯ ಮೇಲೂ ದೇವರ ಗುರುತು ಇರಕೂಡದೆಂಬುದು ನಿಯಮ. ವರ್ಷ ವರ್ಷವೂ ಅದನ್ನು ಹೊಡೆದುಹಾಕಿಸಿ, ಜೊತೆಗೊಂದು ಭಾಷಣವನ್ನೂ ಬಿಗಿಯುವವನು ನಾನೇ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವಳು ನನ್ನನ್ನು ನೋಡಿ, ಶೈಲಜಾ ಮೇಡಂ ಕಡೆ ನೋಡಿ, ತುಟಿ ಕಚ್ಚಿಕೊಂಡು ಕೇಳಿದಳು: "ಹೊಡ್ದಾಕ್ಲಾ ಸರ್?"

"ಹೊಡ್ದಾಕಮ್ಮ" ಎಂದೆ. ಭಾಷಣ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಪರೀಕ್ಷಕರು, ಬೆಳಗ್ಗೆ ನಾನೇ ಬರೆದುಕೊಟ್ಟಿದ್ದ ಹಾಜರಿ ಹಾಳೆಯನ್ನು ಸಹಿಗೆಂದು ನನ್ನತ್ತ ಸರಿಸಿದರು. ಅದರ ನೆತ್ತಿಯ ಮೇಲಿದ್ದ ನನ್ನ 'ಶ್ರೀ'ಯನ್ನು ಅವರು ಆಗಲೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು.