ಪರವಾನಗಿ ಬಂತು, ಫೋನೂ ಬಂತು

ಅಂತರರಾಜ್ಯ ಸರಕು ಸಾಗಣೆ ಪರವಾನಗಿ ಕಚೇರಿಯ ಹೊಸ ಅರ್ಜಿಗಳ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಸೇಬು ಬೆಳೆಯುವ ಯಾಕಿಮಾ ಕಣಿವೆಯಿಂದ ಲಾರಿ ಚಾಲಕ ವರ್ಲಿನ್ ಹಾಗ್‌ಸ್ಟಾಡ್ ಮಾಡುವ ನಮಸ್ಕಾರಗಳು. ಮತ್ತು ಅದೇ ವಿಳಾಸದಿಂದ, ಅದೇ ಕುರ್ಚಿಯಿಂದ, ಹಾಗ್‌ಸ್ಟಾಡ್ ಸಾಗಣೆ ಸಂಸ್ಥೆಯ ಮಾಲೀಕ ವರ್ಲಿನ್ ಹಾಗ್‌ಸ್ಟಾಡ್ ಮಾಡುವ ಪ್ರತ್ಯೇಕ ನಮಸ್ಕಾರಗಳು. ಇಬ್ಬರನ್ನೂ ಬೇರೆ ಬೇರೆ ಕಡತದಲ್ಲಿ ಇಡತಕ್ಕದ್ದೆಂಬ ತಮ್ಮ ನಿಯಮವನ್ನು ನಾವಿಬ್ಬರೂ ಮರೆತಿಲ್ಲ.

ಹತ್ತೊಂಬತ್ತು ವರ್ಷ ಬೇರೆಯವರ ಹೆಸರು ಬರೆದ ಬಾಗಿಲು ತೆಗೆದು ಬೇರೆಯವರ ಲಾರಿ ಹತ್ತಿದವನು ನಾನು. ಈ ವಸಂತದಲ್ಲಿ ಹದಿನಾಲ್ಕು ವರ್ಷ ಹಳೆಯದಾದ ಒಂದು ಕೆಂಪು ಲಾರಿ ಕೊಂಡೆ. ಲಾರಿ ನನ್ನದಾಯಿತು, ದಾರಿ ಹೇಗೂ ಇತ್ತು, ಜವಾಬ್ದಾರಿ ತಾನಾಗಿಯೇ ಬಂತು; ಸ್ವಂತ ಹೆಸರಿನಲ್ಲಿ ರಾಜ್ಯದ ಗಡಿ ದಾಟಿ ಬಾಡಿಗೆ ಓಡಿಸುವ ಅಧಿಕಾರ ಮಾತ್ರ ತಮ್ಮ ಮೇಜಿನ ಮೇಲಿತ್ತು. ಸೇಬನ್ನು ಪೆಟ್ಟಿಗೆಗೆ ತುಂಬುವ ಶೆಡ್ಡಿನ ಯಜಮಾನಿ ಕನ್ಸ್ವೆಲೊ ಇಬಾರ್ರಾ ಆಗಲೇ ಹೇಳಿಬಿಟ್ಟಿದ್ದರು: "ಆಗಸ್ಟ್ ಇಪ್ಪತ್ತಕ್ಕೆ ಮೊದಲ ಲೋಡು ಮಿನಿಯಾಪೊಲಿಸ್‌ಗೆ ಹೊರಡುತ್ತೆ. ಅಷ್ಟರೊಳಗೆ ನಿನ್ನ ಲಾರಿ ಬಾಗಿಲ ಮೇಲೆ ನಿನ್ನದೇ ಪರವಾನಗಿ ನಂಬರ್ ಇದ್ರೆ ಸೀಸನ್ ಪೂರ್ತಿ ನಿಂದು. ಇಲ್ದಿದ್ರೆ ನಿನ್ನ ಹಳೇ ಕಂಪನಿಗೇ ಕೊಡ್ತೀನಿ, ಬೇಜಾರು ಮಾಡ್ಕೋಬೇಡ."

ತಾವು ನನ್ನ ಹೆಸರನ್ನು ಪ್ರಕಟಿಸಿ, ಈತ ಲಾರಿ ಓಡಿಸುವುದಕ್ಕೆ ಆಕ್ಷೇಪಣೆ ಇರುವವರು ಹತ್ತು ದಿನದೊಳಗೆ ತಿಳಿಸಬಹುದೆಂದು ಇಡೀ ದೇಶವನ್ನು ಕೇಳಿದ್ದು ನನಗೆ ಸಿಕ್ಕ ಮೊದಲ ಗೌರವ. ಮೂವತ್ತು ಕೋಟಿಗೂ ಮೀರಿದ ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ಸ್ವಲ್ಪ ಅವಮಾನವೇ ಆಯಿತು. ಹೆಂಡತಿ ಮಾರ್ಲಾ ಮರುಗಿ, "ಅಷ್ಟು ಬೇಜಾರಾದ್ರೆ ಹೇಳು, ನಾನೇ ಒಂದು ಹಾಕ್ತೀನಿ. ಕಾರಣಕ್ಕೇನು ಬರವೇ?" ಎಂದಳು.

ವಿಮೆಯವರದು ಇನ್ನೊಂದು ಬಗೆಯ ವಾತ್ಸಲ್ಯ. ಪರವಾನಗಿ ಜಾರಿಯಾಗಲು ವಿಮೆ ಬೇಕು ಎಂದು ಅವರ ಬಾಗಿಲಿಗೆ ಹೋದರೆ, "ನಿಮ್ಮ ಸಂಸ್ಥೆಗೆ ಎಷ್ಟು ವರ್ಷದ ಅನುಭವ?" ಎಂದರು. ಹತ್ತೊಂಬತ್ತು ಎಂದೆ. "ಅದು ನಿಮ್ಮದು ಸ್ವಾಮಿ, ಸಂಸ್ಥೆ ಹುಟ್ಟಿದ್ದು ಮೊನ್ನೆ ಮಂಗಳವಾರ" ಎಂದು ನಕ್ಕರು. ಹಸುಳೆಯೊಂದು ಎಂಬತ್ತು ಸಾವಿರ ಪೌಂಡು ಭಾರ ಹೊತ್ತು ಹೆದ್ದಾರಿಗಿಳಿದರೆ ಎಷ್ಟು ಕಂತು ಕೇಳಬೇಕೋ ಅಷ್ಟನ್ನೇ ಕೇಳಿದರು, ಕೊಟ್ಟೆ.

ಆಮೇಲೆ ನನ್ನನ್ನು ನಾನೇ ಕೆಲಸಕ್ಕೆ ತೆಗೆದುಕೊಳ್ಳುವ ಶುಭಕಾರ್ಯ. ತಮ್ಮ ನಿಯಮದಂತೆ ಚಾಲಕನಾದ ನಾನು ಮಾಲೀಕನಾದ ನನಗೆ ಅರ್ಜಿ ಬರೆದೆ. ಮಾಲೀಕನು ಅದನ್ನೋದಿ, ಈತನ ಹಿಂದಿನ ನಡತೆ ಹೇಗಿತ್ತೆಂದು ಹಳೆಯ ಕಂಪನಿಗೆ ಪತ್ರ ಹಾಕಿದ. ಅಮಲು ಪದಾರ್ಥದ ಪರೀಕ್ಷೆಗೂ ಕಳಿಸಿದ. ಮುಂದೆ ಎಂದಾದರೂ ದಿಢೀರ್ ಪರೀಕ್ಷೆ ಬಂದರೆ ಮಾಲೀಕನು ಚಾಲಕನಿಗೆ ಮುಂಚಿತವಾಗಿ ಸುಳಿವು ಕೊಡಕೂಡದಂತೆ. ಆದ್ದರಿಂದ ಈಗ ಟಪಾಲನ್ನೆಲ್ಲ ಮಾರ್ಲಾಳೇ ಒಡೆಯುತ್ತಾಳೆ. ನಾನು ಕೈ ಚಾಚಿದರೆ, "ಯಾರು ಕೇಳ್ತಿರೋದು, ಮಾಲೀಕನೋ ಡ್ರೈವರೋ?" ಎಂದು ಲಕೋಟೆಯನ್ನು ಬೆನ್ನ ಹಿಂದೆ ಬಚ್ಚಿಡುತ್ತಾಳೆ.

ಇಷ್ಟೆಲ್ಲ ಆಗಿ, ತಮ್ಮ ನಿಯಮದ ಇಪ್ಪತ್ತೊಂದು ದಿನದ ಕಾಯುವಿಕೆಯೂ ಮುಗಿದು, ಆಗಸ್ಟ್ ಹದಿನೇಳಕ್ಕೆ ಪರವಾನಗಿ ಜಾರಿಯಾಯಿತು, ತಮ್ಮ ಪಾದಕ್ಕೆ ವಂದನೆ. ಬಾಗಿಲ ಮೇಲೆ ನಂಬರು ಅಂಟಿಸಿ, ಹಿಂದೆ ಸರಿದು ನಿಂತು, ಬೇರೆ ಯಾರದೋ ಲಾರಿಯೆಂಬಂತೆ ಹತ್ತು ನಿಮಿಷ ನೋಡಿದೆ. ಆದರೆ ನನ್ನ ಅಸಲು ದೂರು ಇಲ್ಲಿದೆ. ಅರ್ಜಿಯ ಜೊತೆಗೆ ನನ್ನ ಫೋನ್ ನಂಬರನ್ನೂ ಸಾರ್ವಜನಿಕ ಪಟ್ಟಿಯಲ್ಲಿ ಹಾಕಿದ ತಮ್ಮ ಔದಾರ್ಯದಿಂದಾಗಿ, ಅರ್ಜಿ ಹಾಕಿದಂದಿನಿಂದಲೇ ವಿಮೆ ಮಾರುವವರು, ಸ್ಟಿಕ್ಕರ್ ಮಾರುವವರು, ಸಾಲ ಕೊಡುವವರು, ಸಲಹೆ ಕೊಡುವವರು ದಿನಕ್ಕೆ ನಲವತ್ತು ಸಲ ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ. ಹೆತ್ತ ತಾಯಿಯೂ ಇಷ್ಟು ವಿಚಾರಿಸಿರಲಿಲ್ಲ.

ಹದಿನೆಂಟರ ಬೆಳಿಗ್ಗೆ ಯಾವುದೋ ಗುರುತಿಲ್ಲದ ನಂಬರಿನಿಂದ, ಯಂತ್ರಗಳ ಗಡಗಡ ಸದ್ದಿನ ನಡುವೆ, ಹೆಂಗಸೊಬ್ಬರ ದನಿ: "ನಿನ್ನ ಹೊಸ ಪರವಾನಗಿ ವಿಚಾರವಾಗಿ..." ನಾನು ಮುಂದೆ ಕೇಳಲಿಲ್ಲ. "ತಾಯಿ, ನೀವು ನಲವತ್ತೊಂದನೆಯವರು. ವಿಮೆ ಇದೆ, ಸ್ಟಿಕ್ಕರ್ ಇದೆ, ಬುದ್ಧಿಯೊಂದೇ ಇಲ್ಲ. ಅದನ್ನ ಮಾರೋದಾದ್ರೆ ಹೇಳಿ" ಎಂದು ಕುಕ್ಕಿ ಇಟ್ಟೆ. ಮಾತಾಡಿದ್ದು ಕನ್ಸ್ವೆಲೊ. ಸೇಬು ಬೇಗ ಹಣ್ಣಾಗಿದೆ, ಎರಡು ದಿನ ಮುಂಚೆ ಇವತ್ತೇ ಬಾ ಎನ್ನಲು ಶೆಡ್ಡಿನ ಫೋನಿನಿಂದ ಕರೆದಿದ್ದರು.

ಶೆಡ್ಡಿನವರಿಂದ ವಿಷಯ ತಿಳಿದು ಮಧ್ಯಾಹ್ನ ಓಡಿಹೋದಾಗ, ನನ್ನ ಹಳೆಯ ಕಂಪನಿಯ ಲಾರಿ ಮೊದಲ ಲೋಡನ್ನು ತುಂಬಿಸಿಕೊಂಡು, ನಾನೇ ಹತ್ತೊಂಬತ್ತು ವರ್ಷ ತೆರೆದು ಹತ್ತಿದ ಬಾಗಿಲನ್ನು ನನ್ನೆದುರೇ ಮುಚ್ಚಿಕೊಂಡು ಹೊರಟಿತು. ಕನ್ಸ್ವೆಲೊ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಬುದ್ಧಿ ಬೇಕು ಅಂದ್ಯಲ್ಲಪ್ಪಾ, ಬಿಟ್ಟಿ ಕೊಡ್ತೀನಿ ತಗೋ. ಫೋನ್ ಬಂದ್ರೆ ಮೊದಲು ಯಾರು ಅಂತ ಕೇಳ್ಬೇಕು. ನಾಳೆ ಎರಡನೇ ಲೋಡು ನಿಂದು. ಇನ್ನೊಂದು ಸಲ ನನ್ನ ಫೋನ್ ಕುಕ್ಕಿದ್ರೆ ಸೀಸನ್ನೂ ಕುಕ್ಕಿ ಇಟ್ಟಂಗೇ."

ಹೀಗಾಗಿ ತಮ್ಮಲ್ಲಿ ವಿನಂತಿ: ನನಗೆ ಫೋನ್ ಮಾಡಬಯಸುವವರೆಲ್ಲರೂ ತಮ್ಮ ಕಚೇರಿಗೆ ಮೊದಲು ಅರ್ಜಿ ಹಾಕಿ, ಇಪ್ಪತ್ತೊಂದು ದಿನ ಕಾದು, ಇವರು ಬಾಯಿ ತೆರೆಯಲು ಆಕ್ಷೇಪಣೆ ಇದೆಯೇ ಎಂದು ದೇಶವನ್ನು ಕೇಳುವಂತಾಗಲಿ. ಆಗ ಒಂದು ಆಕ್ಷೇಪಣೆಯಾದರೂ ಖಂಡಿತ ಬರುತ್ತದೆ, ನಾನೇ ಬರೆದಿಟ್ಟಿದ್ದೇನೆ. ಸೇಬಿನ ಶೆಡ್ಡಿಗೆ ಮಾತ್ರ ವಿನಾಯಿತಿ ಇರಲಿ.

ಗಡಿಯಾಚೆಗೂ ಈಗ ತಮ್ಮ ವಿಶ್ವಾಸಿಯೇ ಆಗಿರುವ,
ವರ್ಲಿನ್ ಹಾಗ್‌ಸ್ಟಾಡ್, ಚಾಲಕ
(ಓದಿ ಒಪ್ಪಿದ್ದೇನೆ: ವರ್ಲಿನ್ ಹಾಗ್‌ಸ್ಟಾಡ್, ಮಾಲೀಕ)

ವಿ.ಸೂ.: ಈ ಪತ್ರಕ್ಕೆ ಸಹಿ ಹಾಕುವಾಗಲೇ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಕಲಿತ ಪಾಠದಂತೆ ಎದ್ದು ನಿಂತು, ಟೋಪಿ ತೆಗೆದು, "ಯಾರು ತಾಯಿ, ಹೇಳಿ" ಎಂದೆ. ಸ್ವಲ್ಪ ಹಣ ಕಟ್ಟಿದರೆ ಇಪ್ಪತ್ತೊಂದೇ ದಿನದಲ್ಲಿ ನನ್ನ ಹೆಸರಿಗೆ ಸ್ವಂತ ಪರವಾನಗಿ ಮಾಡಿಸಿಕೊಡುತ್ತಾರಂತೆ. ಮಾಲೀಕನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.